ಹೆಲಿಕಾಪ್ಟರ್ ಕಲಿಯೋಕೆ ಒಂದು ಮೂಲೆ ಕೊಡಿ

ಮಾನ್ಯ ಸಂಪಾದಕರೇ,

ನಾನು ಹಾಸನದವನು, ವಯಸ್ಸು ನಲವತ್ತು ದಾಟಿದೆ, ಎರಡು ವರ್ಷದಿಂದ ರಿಮೋಟ್ ಹೆಲಿಕಾಪ್ಟರ್ ಹಾರಿಸೋದು ಕಲೀತಿದ್ದೀನಿ, ಮನೇಲಿ ಇದಕ್ಕೆ ಹುಚ್ಚು ಅಂತಾರೆ. ಎಲ್ಲರೂ ಇದನ್ನ ಡ್ರೋನ್ ಅಂದ್ಕೋತಾರೆ ಸಾರ್, ಆದ್ರೆ ಡ್ರೋನ್ ಕೈಬಿಟ್ರೆ ಅದೇ ಗಾಳೀಲಿ ನಿಲ್ಲುತ್ತೆ, ಇದು ಹಾಗಲ್ಲ, ಬಾಲದ ಪುಟ್ಟ ಫ್ಯಾನ್ ಇಲ್ದಿದ್ರೆ ಬುಗುರಿ ಥರ ತಿರುಗಿಬಿಡುತ್ತೆ. ಬಾಲ ನಮ್ಮ ಕಡೆ ಇದ್ದಾಗ ಎಡ ಅಂದ್ರೆ ಎಡ, ಮೂತಿ ನಮ್ಮ ಕಡೆ ತಿರುಗಿತೋ ಎಡ ಬಲ ಆಗುತ್ತೆ, ಅಲ್ಲೇ ತಲೆ ಕೆಡೋದು. ಅದಕ್ಕೆ ಮೊದಲು ಕಂಪ್ಯೂಟರ್ ಸಿಮ್ಯುಲೇಟರಲ್ಲಿ ಬೇಕಾದಷ್ಟು ಬೀಳಿಸಿ ಕಲೀಬೇಕು, ಅಲ್ಲಿ ಬಿದ್ರೆ ದುಡ್ಡು ಹೋಗಲ್ಲ. ನಾನು ಅವಸರ ಮಾಡಿ ಆಷಾಢದ ಗಾಳೀಲಿ ಹಾರಿಸಿ ಬ್ಲೇಡು, ಶಾಫ್ಟು ಎಲ್ಲ ಪುಡಿ ಮಾಡ್ಕೊಂಡೆ. ಈಗ ಆಲೂಗಡ್ಡೆ ಕಿತ್ತ ಹೊಲದ ಮೆತ್ತನೆ ಮಣ್ಣೇ ನನ್ನ ಗುರು.

ತೊಂದರೆ ಜಾಗದ್ದು. 2021ರ ಡ್ರೋನ್ ನಿಯಮಕ್ಕೆ ಇದೂ ಡ್ರೋನೇ, ಅದರಲ್ಲಿ 250 ಗ್ರಾಂ ಒಳಗಿನ ‘ನ್ಯಾನೋ’ ವರ್ಗಕ್ಕೆ ಪೈಲಟ್ ಲೈಸೆನ್ಸ್ ಬೇಡ, ಆದ್ರೂ ಮೈದಾನಕ್ಕೆ ಹೋದ್ರೆ ಓಡಿಸ್ತಾರೆ. ಅವರದೂ ತಪ್ಪಲ್ಲ, ಮಕ್ಕಳು ಆಡೋ ಕಡೆ ತಿರುಗೋ ಬ್ಲೇಡ್ ತರಬಾರದು, ದೊಡ್ಡ ಮಾಡೆಲ್ ಅಂತೂ ಬೆರಳನ್ನೇ ತೆಗೀಬಹುದು. ಇಸ್ರೋ ಉಪಗ್ರಹಗಳನ್ನ ನಿಯಂತ್ರಿಸೋ ಕೇಂದ್ರ ಇರೋ ಊರಲ್ಲಿ ನಮಗೊಂದು ಹೆಲಿಕಾಪ್ಟರ್ ನಿಯಂತ್ರಿಸೋಕೆ ಜಾಗ ಇಲ್ಲ ನೋಡಿ! ಊರಾಚೆ, ಹಾರಾಟಕ್ಕೆ ನಿರ್ಬಂಧ ಇಲ್ಲದ ಕಡೆ, ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು ಸಾಕು, ಬೇಲಿ ನಾವೇ ಹಾಕ್ಕೋತೀವಿ.

ಇಂತಿ,
ಒಬ್ಬ ಓದುಗ, ಹಾಸನ