ರಾಜಾಬಾಯಿ ಗೋಪುರ ಮತ್ತು ನಮ್ಮ ಎರೆಹೊಲ

ಹುನಗುಂದ

ನನ್ನವ್ವಾ,

ಮುಂಬೈಯಿಂದ ನೀನು ಕಳಿಸಿದ ರಾಜಾಬಾಯಿ ಗೋಪುರದ ಫೋಟೊ ನಿಮ್ಮವ್ವನಿಗೂ ತೋರಿಸಿದೆ. 'ಗಡಿಯಾರ ಚೆಂದ ಐತಿ, ಹುಡುಗಿ ಸೊರಗ್ಯಾಳ' ಅಂದಳು.

ಆ ಗೋಪುರಕ್ಕೆ ದುಡ್ಡು ಕೊಟ್ಟವರು ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ರಾಜಾಬಾಯಿ ಅವರ ತಾಯಿ. ನಮ್ಮ ಸೀಮೆಯ ಹತ್ತಿಯೂ ಆಗ ಘಟ್ಟ ಇಳಿದು, ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಬೆಳೆದವರು ನಾವು, ಪೇಟೆಯಲ್ಲಿ ಅದರ ಹೆಸರು ಮಾತ್ರ 'ಕುಮಟಾ'!

1861ರಲ್ಲಿ ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತು. ಗುಲಾಮಗಿರಿ ಅದರ ಬೇರು. ಉತ್ತರದ ಕಡೆಯ ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿದರು. ಅಲ್ಲಿಂದ ಬರುತ್ತಿದ್ದ ಹತ್ತಿಗೆ ತಡೆ ಬಿದ್ದು, ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ರೇಟು ಮುಗಿಲು ಮುಟ್ಟಿತು. ತೂಕಕ್ಕೆ ಕಸ ಬೆರೆಸುವವರೂ ಜಾಸ್ತಿಯಾಗಿ, 1863ರಲ್ಲಿ ಮುಂಬೈ ಸರ್ಕಾರ ಹತ್ತಿಯ ಮೋಸ ತಡೆಯೋಕೇ ಒಂದು ಕಾಯ್ದೆ ತಂದಿತು. (ಮೊನ್ನೆ ಅಡತಿ ಅಂಗಡಿಯವನು ನನ್ನ ಅಂಡಿಗೆಯೊಳಗೆ ಮೊಣಕೈವರೆಗೂ ಕೈ ಹಾಕಿದ. ತಳದಿಂದ ಒಂದು ಹಿಡಿ ಕಿತ್ತು, ಹಿಂಡಿ, 'ಹಸಿ ಐತಿ ಯಜಮಾನ್ರ' ಅಂದ. ರೇಟು ಇಳಿಸೋಕೆ ಅಷ್ಟು ಸಾಕು.)

1865ರಲ್ಲಿ ಯುದ್ಧ ಮುಗಿಯಿತು. ಅಲ್ಲಿ ಗುಲಾಮರಿಗೆ ಬಿಡುಗಡೆ ಸಿಕ್ಕಿತು, ಅದು ಒಳ್ಳೆಯದೇ. ಇಲ್ಲಿ ರೇಟು ಬಿತ್ತು. ಪ್ರೇಮಚಂದರೇ ಮುಳುಗಿದರು, ಇನ್ನು ರೈತನ ಪಾಡೇನು? ರೇಟಿದ್ದಾಗ ಕರೆದು ಸಾಲ ಕೊಟ್ಟ ಸಾಹುಕಾರ ಈಗ ಬಾಗಿಲಲ್ಲಿ ಕೂತ. 1875ರಲ್ಲಿ ಪುಣೆ ಸೀಮೆಯ ಸೂಪಾದಲ್ಲಿ ರೈತರು ಸಾಲಪತ್ರಗಳನ್ನೇ ಸುಟ್ಟರು. ಎಲ್ಲವನ್ನೂ ಅಮೆರಿಕದ ತಲೆಗೆ ಕಟ್ಟೋದು ಬೇಡ, ಏರಿಸಿದ ಕಂದಾಯವೂ ಇತ್ತು. ಸರ್ಕಾರ ಬೆದರಿ 1879ರಲ್ಲಿ ರೈತರ ರಕ್ಷಣೆಗೆ ಕಾಯ್ದೆ ಮಾಡಿತು. ಅದೂ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರಕ್ಕೆ ಮಾತ್ರ. ನಮ್ಮದು ಆಗ ಕಲಾದಗಿ ಜಿಲ್ಲೆ. ನಮ್ಮ ಪಾಲಿಗೆ ಬಂದದ್ದು 1876ರ ಬರ. ಕಾಳು ಕೂಡಿಡುವ ಹಗೇವು ಬರಿದಾದವು, ಜನ ಗುಳೆ ಹೋದರು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂತಲ್ಲ. ಗೊತ್ತಿದ್ದರೂ ಬಿಡುತ್ತಿರಲಿಲ್ಲವೇನೋ. 2022ರಲ್ಲಿ ಕ್ವಿಂಟಲ್‌ಗೆ 10,000 ದಾಟಿದಾಗ ನಾನೂ ಕಡಲೆ, ಜೋಳ ಬಿಟ್ಟು ಹೊಲಕ್ಕೆಲ್ಲ ಹತ್ತಿ ಹಾಕಿದೆ. ಸಾಲ ಮಾಡಿ ಬೋರು ಕೊರೆಸಿದೆ. ಹತ್ತಿಯ ರೇಟು ಇಳಿಯಿತು, ಸಾಲ ಇಳಿಯಲಿಲ್ಲ. ನಿನ್ನ ಹಾಸ್ಟೆಲ್ ಫೀ ತಡವಾದದ್ದು ಅದಕ್ಕೇ ಅವ್ವಾ. ಬ್ಯಾಂಕಿನಲ್ಲಿ ಸರ್ವರ್ ಡೌನ್ ಅಂತ ಸುಮ್ನೆ ಹೇಳಿದ್ದೆ.

ಸೋಮವಾರ ದುಡ್ಡು ಹಾಕಿದ್ದೇನೆ, ನೋಡಿಕೋ. ಈ ಸಲ ನಾಲ್ಕು ಎಕರೆ ಬಿಳಿಜೋಳ ಬಿತ್ತಿದ್ದೇನೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ ನಿಮ್ಮವ್ವ. ಆ ಕಡೆ ಬರುವವರು ಸಿಕ್ಕರೆ ಕೊಟ್ಟು ಕಳಿಸುತ್ತೇನೆ.

ನಿನ್ನ ಅಪ್ಪ