ಫೋಮ್ ಉದುರಿದ ಮಾತ್ರಕ್ಕೆ ಹಳೇ ಸ್ಪೀಕರ್ ಗುಜರಿಗೆ ಹಾಕ್ಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ಮನೆ ಕ್ಲೀನ್ ಮಾಡೋವಾಗ ನಮ್ಮ ಶಿರಸಿ ಕಡೆ ಅಟ್ಟದಿಂದ ಇಳಿದು ಸೀದಾ ಗುಜರಿ ಗಾಡಿ ಹತ್ತೋ ಸಾಮಾನಲ್ಲಿ ಹಳೇ ಸ್ಪೀಕರ್ ಬಾಕ್ಸ್ ಇದ್ದೇ ಇರತ್ತೆ. ಈ ಸಲ ನಮ್ಮೂರಿಗೆ ಬಂದ ಗಾಡಿಲಿ ಎರಡು ಜೋಡಿ ನೋಡಿದೆ, ಒಳ್ಳೇ ದಪ್ಪ ಹಲಗೆ ಬಾಕ್ಸ್, ಮುಂದಿನ ಬಟ್ಟೆ ಸಹ ಹರಿದಿರ್ಲಿಲ್ಲ, ಬೇಸ್ ಕೊಡೋ ದೊಡ್ಡ ಸ್ಪೀಕರ್, ಅಂದ್ರೆ ವೂಫರ್, ಅದರ ಸುತ್ತ ಇರೋ ಫೋಮ್ ಮಾತ್ರ ಬೆರಳು ತಾಗಿದ್ರೆ ಪುಡಿ ಪುಡಿ. ಅಷ್ಟಕ್ಕೇ ಇಡೀ ಬಾಕ್ಸ್ ತೂಕದ ಲೆಕ್ಕದಲ್ಲಿ ಹೋಯ್ತು. ಅದನ್ನ ನೋಡಿ ಹೊಟ್ಟೆ ಉರಿದು ಈ ಪತ್ರ ಬರೀತಾ ಇದ್ದೇನೆ, ಸ್ವಲ್ಪ ಉದ್ದ ಆಗತ್ತೆ, ಆದ್ರೂ ಜಾಗ ಕೊಡಿ.

ನಮ್ಮನೇದೂ ಹಾಗೇ ಹೋಗ್ತಿತ್ತು. ಅಪ್ಪ 1986ರಲ್ಲಿ ಅಡಿಕೆ ದುಡ್ಡು ಬಂದಾಗ ಹುಬ್ಬಳ್ಳಿಯಿಂದ ಬಸ್ಸಿನ ಟಾಪ್ ಮೇಲೆ ಹಾಕ್ಕೊಂಡು ತಂದ ಜೋಡಿ ಅದು. 8 ಇಂಚಿನ ವೂಫರ್, ಮೇಲೆ ಏರು ಸ್ವರಕ್ಕೊಂದು ಸಣ್ಣ ಟ್ವೀಟರ್, ಎಲ್ಲೂ ತೂತಿಲ್ಲದ ಪೂರ್ತಿ ಮುಚ್ಚಿದ ಬಾಕ್ಸ್. ಜಗಲಿಲಿ ನೆಬ್ಬೂರು ಭಾಗವತರ ಯಕ್ಷಗಾನ ಪದ್ಯದ ಕ್ಯಾಸೆಟ್ ಹಾಕಿದ್ರೆ ಅಡಿಕೆ ಸುಲಿಯೋ ಜನ ಕೈ ನಿಲ್ಸಿ ಕೇಳ್ತಿದ್ರು, ರಾತ್ರಿ ಧಾರವಾಡ ಆಕಾಶವಾಣಿಲಿ ಭೀಮಸೇನ ಜೋಶಿ ಬಂದ್ರೆ ತಬಲಾದ ಡಗ್ಗಾ ಪೆಟ್ಟು ಮರದ ಕಂಬಕ್ಕೆ ಕಿವಿ ಇಟ್ರೂ ಗೊತ್ತಾಗ್ತಿತ್ತು. ಅಂಥಾದ್ದು ಕೆಲವು ವರ್ಷದ ಹಿಂದೆ ಬರಬರ ಅನ್ನೋಕೆ ಶುರು ಆಯ್ತು, ಬಟ್ಟೆ ತೆಗೆದು ನೋಡಿದ್ರೆ ಎರಡೂ ಕಡೆ ಫೋಮ್ ಉದುರಿ ನಡುವೆ ಆಡಿ ಸದ್ದು ಮಾಡೋ ಕೋನ್ ವಾಲಿ ನಿಂತಿತ್ತು.

ಈ ಫೋಮಿಗೆ ರಿಪೇರಿಯವರು ಎಡ್ಜ್ ಅಂತಾರೆ. ಕೋನ್ ಹಿಂದೆ ಮುಂದೆ ಆಡೋಕೆ ಬಿಟ್ಟು, ಆದ್ರೆ ಪಕ್ಕಕ್ಕೆ ಸರಿಯದ ಹಾಗೆ ಹಿಡ್ಕೊಳ್ಳೋದು ಅದರ ಕೆಲಸ. ಪಾಲಿಯುರೆಥೇನ್ ಅನ್ನೋ ವಸ್ತು, ಗಾಳಿಯ ತೇವ ಹೀರ್ಕೊಂಡು ತನ್ನಷ್ಟಕ್ಕೇ ಒಳಗಿಂದ ಒಡೀತಾ ಹೋಗತ್ತೆ, ನೀವು ಹಾಡು ಹಾಕಿದ್ರೂ ಹಾಕದಿದ್ರೂ 10ರಿಂದ 20 ವರ್ಷಕ್ಕೆ ಸಾಮಾನ್ಯವಾಗಿ ಅದರ ಕತೆ ಮುಗೀತು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರೋ ನಮ್ಮೂರಲ್ಲಿ ಇನ್ನೂ ಬೇಗ. ಕುಮಟಾ, ಅಂಕೋಲಾ, ಕಾರವಾರದ ಕಡೆ ಉಪ್ಪಿನ ಗಾಳಿ ಬೇರೆ, ಅಲ್ಲಿ ಹಿಂದಿನ ವೈರ್ ಸಿಕ್ಕಿಸೋ ಸ್ಪ್ರಿಂಗೂ ಹಸಿರು ಹಿಡಿಯತ್ತೆ. ಹಾಗಾಗಿ ಫೋಮ್ ಉದುರಿದ್ರೆ ಸ್ಪೀಕರ್ ಸತ್ತಿದೆ ಅಂತ ಅರ್ಥ ಅಲ್ಲ, ಕೊಡೆ ಬಟ್ಟೆ ಹರಿದ ಹಾಗೆ ಅಷ್ಟೇ, ಕಡ್ಡಿ ಸರಿ ಇದ್ದರೆ ಬಟ್ಟೆ ಹಾಕ್ಸಿ ಹಿಡೀಬಹುದು.

ಹೊಸಾ ವೂಫರ್ ಹುಡುಕೋ ಮುಂಚೆ ಹಳೇದು ನಿಜವಾಗಿ ಹೋಗಿದೆಯಾ ನೋಡ್ಬೇಕು. ಮಲ್ಟಿಮೀಟರ್ ಇದ್ದವರು ವೂಫರಿನ ವೈರ್ ಬಿಚ್ಚಿ ಓಮ್, ಅಂದ್ರೆ ವಿದ್ಯುತ್ತಿಗೆ ಇರೋ ತಡೆ, ನೋಡಿ, 8 ಓಮ್‌ನದ್ದು 6ರಿಂದ 7, 4 ಓಮ್‌ನದ್ದು 3ರ ಮೇಲೆ ತೋರಿಸಿದ್ರೆ ಕೋನ್ ಹಿಂದಿನ ತಂತಿ ಸುರುಳಿ, ಅಂದ್ರೆ ಕಾಯಿಲ್, ಸರಿ ಇದೆ, ಏನೂ ತೋರಿಸದಿದ್ರೆ ಕಾಯಿಲ್ ಕಟ್. ಮೀಟರ್ ಇಲ್ಲದಿದ್ರೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ ಒಂದು ಕ್ಷಣ ಮುಟ್ಸಿ, ಟಕ್ ಅಂತ ಕೋನ್ ಹಾರಿದ್ರೆ ಜೀವ ಇದೆ. ಆಮೇಲೆ ಎರಡೂ ಕೈಯ ಬೆರಳು ಕೋನಿನ ಮೇಲೆ ಸಮ ಇಟ್ಟು ಮೆಲ್ಲ ಒತ್ತಿ ನೋಡಿ, ಸರಸರ ಅಂತ ತಿಕ್ಕಿದ ಹಾಗಾದ್ರೆ ಕಾಯಿಲ್ ಮ್ಯಾಗ್ನೆಟ್‌ಗೆ ಉಜ್ತಾ ಇದೆ. ಫೋಮ್ ಇಲ್ಲದ ವೂಫರಲ್ಲಿ ಕೋನ್ ವಾಲಿದ್ದಕ್ಕೂ ಉಜ್ಜಬಹುದು, ನಡುವಿಗೆ ಹಿಡಿದು ಒತ್ತಿದಾಗ ಸದ್ದು ನಿಂತ್ರೆ ಹೆದರೋದು ಬೇಡ.

ಇಷ್ಟು ಸರಿ ಇದ್ದರೆ ಹೊಸಾ ವೂಫರ್ ತಗೊಳ್ಳೋದೇ ಬೇಡ, ಹೊಸಾ ಎಡ್ಜ್ ಹಾಕ್ಸಿ, ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ, ಮತ್ತು ಬಾಕ್ಸ್ ಮಾಡಿದವರು ಯಾವ ವೂಫರ್ ಲೆಕ್ಕ ಇಟ್ಟು ಮಾಡಿದ್ರೋ ಅದೇ ಉಳಿಯತ್ತೆ. ನನಗೆ ಒಂದು ಜೋಡಿ ಎಡ್ಜಿಗೆ ಬಿದ್ದದ್ದು 350 ರೂಪಾಯಿ. ಕೋನಿನ ಅಂಚಿನ ಅಳತೆ, ಫ್ರೇಮಿನ ಅಳತೆ ಎರಡೂ ಮಿಲಿಮೀಟರ್ ಲೆಕ್ಕದಲ್ಲಿ ಕೊಡ್ಬೇಕು, 8 ಇಂಚು ಅಂತ ಹೇಳಿದ್ರೆ ಸಾಲೋದಿಲ್ಲ. ಗೋಂದು ನಿಧಾನ ಒಣಗೋದೇ ಇರ್ಲಿ, ಕೋನ್ ನಡುವಿಗೆ ತರೋಕೆ ಟೈಮ್ ಬೇಕಲ್ಲ, ಥಟ್ಟಂತ ಹಿಡಿಯೋ ಗೋಂದು ಹಾಕಿದ್ರೆ ವಾರೆ ಕೂತದ್ದು ವಾರೆನೇ.

ನಮ್ಮದ್ರಲ್ಲಿ ಒಂದು ಕಡೆ ಕಾಯಿಲ್ ಸುಟ್ಟೇ ಹೋಗಿತ್ತು, ಫೋಮ್ ಹರಿದ ಮೇಲೂ ಒಂದು ಉಪನಯನದಲ್ಲಿ ಜೋರಾಗಿ ಹಾಕಿದ್ದರ ಫಲ. ಒಂದಕ್ಕೆ ಮಾತ್ರ ಬೇರೆ ಜಾತಿ ವೂಫರ್ ಹಾಕಿದ್ರೆ ಎಡ ಬಲ ಎರಡು ಥರ ಕೇಳತ್ತೆ, ಹಾಗಾಗಿ ಜೋಡಿನೇ ಬೇಕಾಯ್ತು. ಪೇಟೆಯ ಒಂದು ಅಂಗಡಿಗೆ ಹೋಗಿ ಕೇಳಿದೆ. ಅವ್ರು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಇಂಚು? 8 ಇಂಚು ಅಂದೆ, ಬಟ್ಟೆ ಎಡ್ಜಿನ, ದೊಡ್ಡ ಮ್ಯಾಗ್ನೆಟ್ಟಿನ, 150 ವಾಟ್ ಅಂತ ಬರೆದ ಎರಡು ವೂಫರ್ ಕೊಟ್ರು, ಸರ್ ಇದು ಗಟ್ಟಿ ಮಾಲು, ಕಣ್ಮುಚ್ಚಿ ಹಾಕಿ ಅಂದ್ರು. ತಂದು ಹಾಕಿದ್ರೆ ಮಾತು ಗಂಟಲು ಹರಿದ ಹಾಗೆ ಕೇಳತ್ತೆ, ಟ್ವೀಟರ್ ಇದೆಯೋ ಇಲ್ವೋ ಗೊತ್ತಾಗಲ್ಲ, ಡಗ್ಗಾ ಮಂಗಮಾಯ. ಮಾಲು ಕೆಟ್ಟದ್ದಲ್ಲ, ಅದು ಮೈಕ್‌ಸೆಟ್ಟಿನವರು ಯಕ್ಷಗಾನದ ಆಟಕ್ಕೆ, ಸಭೆಗೆ ದೊಡ್ಡ ಬಾಕ್ಸಲ್ಲಿ ಹಾಕೋ ವೂಫರ್, ಸಾವಿರ ಜನಕ್ಕೆ ಮಾತು ಮುಟ್ಸೋಕೆ ಮಾಡಿದ್ದು. ವಾಪಸ್ ತಗೊಳ್ಳಿ ಅಂದ್ರೆ ಸ್ಕ್ರೂ ಹಾಕಿದ್ದು ತಗೊಳ್ಳಲ್ಲ ಅಂದ್ರು. ಆ ದುಡ್ಡು ಹೋಯ್ತು, ಆದ್ರೆ ಯಾಕೆ ಹೀಗಾಯ್ತು ಅಂತ ತಿಳ್ಕೊಳ್ಳದೆ ಬಿಡೋಕೆ ಮನಸ್ಸಾಗ್ಲಿಲ್ಲ, ಮೂರು ನಾಲ್ಕು ತಿಂಗಳು ಓದಿ, ಒಬ್ಬರು ಹಳೇ ರಿಪೇರಿಯವರ ಹತ್ರ ಕೂತು ಕೇಳಿದ್ದನ್ನ ಇಲ್ಲಿ ಹೇಳ್ತೇನೆ.

ಪ್ರತಿ ವೂಫರಿಗೂ ಒಂದು ಜಾತಕ ಇರತ್ತೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಪೂರ್ತಿ ಮಾಡಿದ ಲೆಕ್ಕ, ಇಬ್ಬರ ಹೆಸರು ಸೇರ್ಸಿ ಥೀಲ್ ಸ್ಮಾಲ್ ಪ್ಯಾರಾಮೀಟರ್ ಅಂತಾರೆ. ಅದ್ರಲ್ಲಿ ನಮಗೆ ಬೇಕಾದ್ದು ಮೂರು. ಎಫ್‌ಎಸ್ ಅಂದ್ರೆ ಬಾಕ್ಸಿಲ್ಲದೆ ವೂಫರ್ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಕುಣಿಯತ್ತೆ ಅನ್ನೋ ಹರ್ಟ್ಜ್ ಲೆಕ್ಕ, ಅದು ಕಡಿಮೆ ಇದ್ದಷ್ಟು ಕೆಳಗಿನ ನಾದ ಬರತ್ತೆ. ಕ್ಯೂಟಿಎಸ್ ಅಂದ್ರೆ ಆ ಕುಣಿತಕ್ಕೆ ಕಡಿವಾಣ ಎಷ್ಟಿದೆ ಅನ್ನೋದು. ವಿಎಎಸ್ ಅಂದ್ರೆ ಕೋನನ್ನ ಹಿಡಿದ ಎಡ್ಜ್, ಅದರ ಹಿಂದೆ ಕಾಯಿಲನ್ನ ನಡುವೆ ಹಿಡಿಯೋ ಸ್ಪೈಡರ್ ಎಷ್ಟು ಮೆತ್ತಗಿದೆ ಅನ್ನೋದನ್ನ ಲೀಟರ್ ಗಾಳಿ ಲೆಕ್ಕದಲ್ಲಿ ಹೇಳೋದು. ಮುಚ್ಚಿದ ಬಾಕ್ಸಲ್ಲಿ ಒಳಗಿನ ಗಾಳಿನೇ ಸ್ಪ್ರಿಂಗ್, 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮತ್ತೆ ಹೆನ್ರಿ ಕ್ಲಾಸ್ ಈ ಉಪಾಯದ ಮೇಲೇನೇ ಸಣ್ಣ ಬಾಕ್ಸಲ್ಲಿ ದೊಡ್ಡ ಬೇಸ್ ಬರೋ ಸ್ಪೀಕರ್ ಮಾರಿದ್ರು, ಅಂಥಾ ಬಾಕ್ಸಿಗೆ ಸಡಿಲ ಕೋನಿನ ವೂಫರೇ ಬೇಕು.

ನಮ್ಮ ಬಾಕ್ಸ್ ಒಳಗೆ ಟೇಪ್ ಹಿಡಿದು ಅಳೆದೆ, 24, 22, 40 ಸೆಂಟಿಮೀಟರ್, ಗುಣಿಸಿ ಸಾವಿರದಿಂದ ಭಾಗಿಸಿದ್ರೆ 21 ಲೀಟರ್, ಮ್ಯಾಗ್ನೆಟ್ ಮತ್ತೆ ಹಲಗೆ ಪಟ್ಟಿ ಕಳೆದ್ರೆ 20. ಈಗ ವಿಎಎಸ್ಸನ್ನ 20ರಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೀಬೇಕು. ಬಂದ ಸಂಖ್ಯೆಯಿಂದ ಎಫ್‌ಎಸ್ ಗುಣಿಸಿದ್ರೆ ಬಾಕ್ಸಿಗೆ ಹಾಕಿದ ಮೇಲೆ ಎಲ್ಲಿಂದ ಕೆಳಗೆ ಬೇಸ್ ಇಳಿಯತ್ತೆ ಅಂತ ಗೊತ್ತಾಗತ್ತೆ, ಕ್ಯೂಟಿಎಸ್ ಗುಣಿಸಿದ್ರೆ 0.7ರ ಹತ್ರ ಬರ್ಬೇಕು, 1 ದಾಟಿದ್ರೆ ಡಬ್ಬದೊಳಗೆ ಗುದ್ದಿದ ಹಾಗೆ ಗುಂಯ್ ಅನ್ನತ್ತೆ. ಮೊದಲು ತಂದ ವೂಫರಿನ ಎಫ್‌ಎಸ್ 78, ವಿಎಎಸ್ 20, ಲೆಕ್ಕ ಹಾಕಿದ್ರೆ 110 ಹರ್ಟ್ಜ್. ಡಗ್ಗಾದ ಗಂಭೀರ ನಾದ ಅದಕ್ಕಿಂತ ಕೆಳಗಿರತ್ತೆ, ಎಲ್ಲಿಂದ ಕೇಳ್ಬೇಕು! ಕೊನೆಗೆ ಹಾಕಿದ್ದು ಎಫ್‌ಎಸ್ 36, ಕ್ಯೂಟಿಎಸ್ 0.42, ವಿಎಎಸ್ 38 ಲೀಟರ್. ವರ್ಗಮೂಲ 1.7, ಅಂದ್ರೆ 61 ಹರ್ಟ್ಜ್, ಮತ್ತೆ 0.71. ಎಸ್ಸೆಸ್ಸೆಲ್ಸಿ ಓದಿದ ಯಾರಾದ್ರೂ ಮೊಬೈಲಲ್ಲಿ ಹಾಕೋ ಲೆಕ್ಕ ಇದು. ಬಾಕ್ಸಿಗೆ ತೂತು ಇದ್ದು ಪೈಪ್ ಹಾಕಿದ್ದರೆ ಲೆಕ್ಕ ಬೇರೆ, ಅದಕ್ಕೆ ಕ್ಯೂಟಿಎಸ್ 0.4ರ ಒಳಗಿನ ವೂಫರ್ ನೋಡ್ಬೇಕು.

ಇನ್ನು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡಿಬಿ ಸದ್ದು ಅಂತ ಬರೆದಿರತ್ತೆ. ಹಳೇ ವೂಫರ್ 88 ಇತ್ತು, ಅಂಗಡಿಯವ್ರು ಕೊಟ್ಟದ್ದು 94. ಈ 6 ಡಿಬಿ ಅಂದ್ರೆ ನಾಲ್ಕು ಪಟ್ಟು ಪವರ್ ಕೊಟ್ಟ ಹಾಗೆ, ಟ್ವೀಟರ್ ಮುಳುಗಿ ಹೋಗದೆ ಇನ್ನೇನಾಗತ್ತೆ. ವೂಫರ್ ಸ್ವಲ್ಪ ಮೆತ್ತಗಿದ್ರೆ ಟ್ವೀಟರಿಗೆ ಒಂದು ರೆಸಿಸ್ಟರ್ ಹಾಕಿ ತಗ್ಗಿಸಬಹುದು, ವೂಫರೇ ಜೋರಿದ್ರೆ ಸುಲಭದ ಮದ್ದಿಲ್ಲ. ಓಮ್ ಸಹ ಹಳೇದೇ ಇರ್ಬೇಕು. 8 ಇದ್ದಲ್ಲಿ 4 ಹಾಕಿದ್ರೆ ಆಂಪ್ಲಿಫೈಯರ್ ಬಿಸಿ ಆಗೋದು ಒಂದು, ಬಾಕ್ಸ್ ಒಳಗೆ ವೂಫರಿಗೂ ಟ್ವೀಟರಿಗೂ ಸ್ವರ ಹಂಚೋ ಕ್ರಾಸೋವರಿನ ಕಾಯಿಲ್ 3000 ಹರ್ಟ್ಜಲ್ಲಿ ಕತ್ತರಿಸ್ಬೇಕಾದ್ದು 1500ರ ಸುಮಾರಿಗೇ ಕತ್ತರಿಸಿ ಹಾರ್ಮೋನಿಯಂ, ಹೆಂಗಸರ ದನಿ ಎಲ್ಲ ನಡುವೆ ಹಳ್ಳಕ್ಕೆ ಬೀಳತ್ತೆ. ಕಾರಿನ ಸಬ್‌ವೂಫರ್ ಹಾಕೋರು ಇದಾರೆ, ಭಾರದ ಕೋನ್, ಅದಕ್ಕೆ ಮಾತು ಆಡೋಕೇ ಬರಲ್ಲ, ಎರಡೇ ಸ್ಪೀಕರಿನ ಬಾಕ್ಸಲ್ಲಿ ಮಾತು ಆಡೋದು ವೂಫರೇ ತಾನೇ. ವಾಟ್ ನೋಡಿ ಮರುಳಾಗ್ಬೇಡಿ, ಮನೆಲಿ ಕೇಳೋವಾಗ ಹೋಗೋದು ಹೆಚ್ಚಿನ ಹೊತ್ತು ಐದು ವಾಟ್ ಒಳಗೆ, ಆರ್‌ಎಂಎಸ್ ಅಂತ ಬರೆದ ನಿಜದ ಲೆಕ್ಕದಲ್ಲಿ 40 ವಾಟ್ ಇದ್ರೆ ಧಾರಾಳ, ಪಿಎಂಪಿಒ ಅಂತ ಸಾವಿರದ ಲೆಕ್ಕ ಬರೆದದ್ದನ್ನ ಓದ್ಲೇಬೇಡಿ.

ನಾನು ತಗೊಂಡದ್ದು ಬೆಂಗಳೂರು ಎಸ್.ಪಿ. ರೋಡಿಂದ, ಜಾತಕದ ಶೀಟ್ ವಾಟ್ಸಾಪಲ್ಲಿ ತರಿಸ್ಕೊಂಡು, ನೋಡಿ, ಆಮೇಲೆ ದುಡ್ಡು ಹಾಕಿದೆ. ಜೋಡಿಗೆ 2600, ರಬ್ಬರ್ ಎಡ್ಜ್. ನಮ್ಮ ಜಿಲ್ಲೆಯವರಿಗೆ ಒಂದು ಮಾತು ಒತ್ತಿ ಹೇಳ್ತೇನೆ, ಲೆಕ್ಕ ಸಮ ಬರೋ ಎರಡು ವೂಫರ್ ಇದ್ದು ಒಂದು ಫೋಮ್ ಒಂದು ರಬ್ಬರ್ ಆದ್ರೆ ನೂರಿನ್ನೂರು ಹೆಚ್ಚಾದ್ರೂ ರಬ್ಬರಿಂದೇ ತಗೊಳ್ಳಿ, ನಮ್ಮ ಮಳೆಗೆ ಫೋಮ್ ತಡೆಯಲ್ಲ.

ಹಾಕೋವಾಗ ಹೊಸದರ ಸ್ಕ್ರೂ ತೂತು ಹಳೇದಕ್ಕೆ ಕೂರ್ಲಿಲ್ಲ, ಬಡಗಿ ಹತ್ರ 6 ಮಿಲಿಮೀಟರ್ ಪ್ಲೈವುಡ್ಡಿನ ಬಳೆ ಕೊಯ್ಸಿ, ಕಿಟಕಿಗೆ ಹಚ್ಚೋ ರಬ್ಬರ್ ಪಟ್ಟಿ ಅಂಟ್ಸಿ ಕೂರ್ಸಿದೆ. ಗಾಳಿ ಸೋರಬಾರದು, ಕೋನ್ ಮೆಲ್ಲ ಒತ್ತಿ ಬಿಟ್ರೆ ನಿಧಾನಕ್ಕೆ ವಾಪಸ್ ಬರ್ಬೇಕು. ಎರಡೂ ಕಡೆ ಸೆಲ್ ಮುಟ್ಸಿ, ಪ್ಲಸ್ಸಿಗೆ ಪ್ಲಸ್ ಕೊಟ್ಟಾಗ ಕೋನ್ ಎರಡ್ರಲ್ಲೂ ಹೊರಗೇ ಬರತ್ತಾ ನೋಡ್ಕೊಂಡೆ, ಒಂದು ಒಳಗೆ ಒಂದು ಹೊರಗೆ ಆದ್ರೆ ಬೇಸ್ ಒಂದಕ್ಕೊಂದು ತಿಂದು ಹೋಗತ್ತೆ. ಕ್ರಾಸೋವರಿನ ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿತ್ತು, ಅದೇ ವ್ಯಾಲ್ಯೂದ ಫಿಲ್ಮ್ ಕೆಪಾಸಿಟರ್ ಹಾಕಿದೆ, ಅದಕ್ಕೇನು ದೊಡ್ಡ ಖರ್ಚಿಲ್ಲ. ಚೆನ್ನಾಗಿದ್ದ ಹಳೇ ವೂಫರಿಗೆ ಹೊಸಾ ಎಡ್ಜ್ ಹಾಕ್ಸಿ ಕುಮಟಾದ ಭಾವನಿಗೆ ಕೊಟ್ಟೆ, ಅವರದ್ದೂ ಅದೇ ಕಂಪನಿ ಅದೇ ಮಾಡೆಲ್, ಒಂದು ಕಡೆ ಕಾಯಿಲ್ ಹೋಗಿತ್ತು.

ಈಗ ಸಂಪಾದಕರೇ, ನನ್ನ ಬೇಡಿಕೆ. ನಮ್ಮ ಜಿಲ್ಲೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರು ವೂಫರ್ ಮಾರೋವಾಗ ಎಷ್ಟು ಇಂಚು ಅಂತ ಮಾತ್ರ ಕೇಳದೆ, ಬಾಕ್ಸ್ ಮುಚ್ಚಿದ್ದಾ, ಪೈಪಿದ್ದಾ, ಎಷ್ಟು ಲೀಟರ್ ಅಂತನೂ ಕೇಳ್ಲಿ, ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಬರೆದ ಚೀಟಿ ಮಾಲಿನ ಜೊತೆ ಕೊಡ್ಲಿ, ಇಲ್ಲದ ಮಾಲಿಗೆ ಇಲ್ಲ ಅಂತ ಹೇಳ್ಲಿ, ಹಾಗಾದ್ರೆ ತಪ್ಪು ವೂಫರಿಗೆ ಯಾರ ದುಡ್ಡೂ ಹೋಗಲ್ಲ. ಐಟಿಐಲಿ ಎಲೆಕ್ಟ್ರಾನಿಕ್ಸ್ ಕಲಿಸೋರು ಎಡ್ಜ್ ಹಾಕೋದು, ಕಾಯಿಲ್ ಸುತ್ತೋದು ಎರಡು ದಿನ ತೋರಿಸ್ಲಿ. ನನಗೆ ಕಲಿಸಿದ ರಿಪೇರಿಯವರಿಗೆ ಎಪ್ಪತ್ತು ದಾಟಿದೆ, ಅವರ ಹತ್ರ ಕಲಿಯೋಕೆ ಒಬ್ಬ ಹುಡುಗನೂ ಬರ್ತಾ ಇಲ್ಲ, ಮೈಕ್‌ಸೆಟ್ಟಿನವರು ಸುಟ್ಟ ವೂಫರ್ ಹಿಡ್ಕೊಂಡು ಹುಬ್ಬಳ್ಳಿಗೇ ಓಡೋ ಕಾಲ ಬಂದಾಗಿದೆ. ನಿಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ಇಂಥಾ ರಿಪೇರಿಯವರು ಎಲ್ಲಿದಾರೆ, ಎಂತ ಮಾಡ್ಕೊಡ್ತಾರೆ ಅಂತ ತಾಲೂಕುವಾರು ಹಾಕಿದ್ರೆ ನಮ್ಮಂಥವರಿಗೆ ಉಪಕಾರ ಆಗತ್ತೆ, ಅವರಿಗೂ ನಾಲ್ಕು ಕಾಸು ಸಿಗತ್ತೆ.

ಹೊಸಾ ವೂಫರ್ ಹಾಕಿದ ಸಂಜೆ ಅಪ್ಪನಿಗೆ ಏನೂ ಹೇಳದೆ ಭೀಮಸೇನ ಜೋಶಿಯವರ ಕಛೇರಿ ಹಾಕಿ ಒಳಗೆ ಹೋದೆ. ಅಪ್ಪನಿಗೆ ಈಗ ಕಿವಿ ಸ್ವಲ್ಪ ಮಂದ. ನಿಧಾನ ಗತಿಯ ವಿಳಂಬಿತ ಮುಗಿಯೋ ತನಕ ಕೂತಲ್ಲಿಂದ ಏಳ್ಲಿಲ್ಲ, ಆಮೇಲೆ ಕರೆದು ಹೇಳಿದ್ದು ಇಷ್ಟೇ, "ತಮಾ, ಡಗ್ಗಾ ಈಗ ಸಮಾ ಕೇಳ್ತು."

ಇಂತಿ,
ನಿಮ್ಮ ಓದುಗ
ಶಿರಸಿ ತಾಲೂಕು, ಉತ್ತರ ಕನ್ನಡ