ರೋಸ್ ಈರುಳ್ಳಿಗೆ ಯಾಕೆ ಬೀಗ?

ಮಾನ್ಯ ಸಂಪಾದಕರೇ,

ಕೃಷಿ ರಫ್ತು ಹೆಚ್ಚಿಸಲು ಸರ್ಕಾರ ಹೊಸದೇನೋ ಮಾಡುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ನಾನು ಎರಡು ಸಲ ಓದುತ್ತೇನೆ. ಒಂದು ಸಲ ಆಸೆಯಿಂದ, ಇನ್ನೊಂದು ಸಲ ಅನುಮಾನದಿಂದ. ನಾನು ಚಿಕ್ಕಬಳ್ಳಾಪುರ ಕಡೆಯ ರೈತ. ಒಂದೂವರೆ ಎಕರೆಯಲ್ಲಿ ಬೆಂಗಳೂರು ರೋಸ್ ಈರುಳ್ಳಿ ಬೆಳೆಯುತ್ತೇನೆ.

ಈ ಈರುಳ್ಳಿಯನ್ನು ನಿಮ್ಮ ಓದುಗರಲ್ಲಿ ಎಷ್ಟೋ ಜನ ನೋಡಿಯೇ ಇರಲಿಕ್ಕಿಲ್ಲ. ಕಡುಗೆಂಪು ಬಣ್ಣ, ಚಪ್ಪಟೆ ತಳ, ಸಣ್ಣ ಗಡ್ಡೆ, ಘಾಟು ಜಾಸ್ತಿ. ಸುಲಿಯಲು ಕೂತರೆ ಮುಗಿಯುವುದೇ ಇಲ್ಲ. ನಮ್ಮ ಮನೆಯ ಸಾರಿಗೂ ಅಂಗಡಿಯಿಂದ ದಪ್ಪ ಈರುಳ್ಳಿಯನ್ನೇ ತರುತ್ತೇವೆ, ಸುಳ್ಳು ಯಾಕೆ ಹೇಳಲಿ! ಇದು ಹೋಗುವುದು ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ, ಶ್ರೀಲಂಕಾಕ್ಕೆ. ಇದು ಈ ಸೀಮೆಯದೇ ಬೆಳೆ ಎಂದು 2015ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿತು.

2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಫಸಲು ಹೊಂಗೆ ಮರದ ಕೆಳಗೆ ರಾಶಿ ಬಿದ್ದಿತ್ತು. ಗರಿ ಕೊಯ್ದು ನೆರಳಲ್ಲಿ ಒಣಗಿಸಿ, ಹೆಣ್ಣಾಳುಗಳು ಸೈಜು ನೋಡಿ ಆರಿಸುತ್ತಿದ್ದರು. ಲಾರಿ ಮಾರನೇ ದಿನ ಬರಬೇಕು. ರಾತ್ರಿ ವ್ಯಾಪಾರಿಯ ಫೋನು: ‘ಎಕ್ಸ್‌ಪೋರ್ಟ್ ಬಂದ್ ಆಯ್ತು, ಮೂಟೆ ಕಟ್ಟಬೇಡಿ.’ ಈರುಳ್ಳಿ ರಫ್ತು ನಿಷೇಧಿಸಿದ ಕೇಂದ್ರ ಸರ್ಕಾರದ ಸೆಪ್ಟೆಂಬರ್ 14ರ ಆ ಆದೇಶದಲ್ಲಿ ಬೆಂಗಳೂರು ರೋಸ್ ಎಂದು ಹೆಸರು ಹಿಡಿದೇ ಬರೆದಿದ್ದರು. ಅಕ್ಟೋಬರ್ 9ರಂದು ವಿನಾಯಿತಿ ಬಂತು, ಅದೂ ಬರೀ 10,000 ಟನ್‌ಗೆ, ಅದೂ ಚೆನ್ನೈ ಬಂದರಿನಿಂದ ಮಾತ್ರ. ಅಷ್ಟರಲ್ಲಿ ಮಳೆ ಹಿಡಿದು ನಮ್ಮ ರಾಶಿಯ ಅರ್ಧ ಮೊಳಕೆ ಬಂದಿತ್ತು, ಉಳಿದದ್ದರಲ್ಲಿ ಕೊಳೆತದ್ದೇ ಹೆಚ್ಚು. ನಮ್ಮಣ್ಣನ ಹಸುಗಳೂ ಮೂಸಿ ನೋಡಿ ಮುಖ ತಿರುಗಿಸಿದವು.

ಇದೊಂದೇ ಸಲ ಆಗಿದ್ದರೆ ಸುಮ್ಮನಿರುತ್ತಿದ್ದೆ. 2019ರಲ್ಲೂ ಹೀಗೇ ಆಗಿತ್ತು. 2023ರ ಆಗಸ್ಟ್‌ನಲ್ಲಿ ಈರುಳ್ಳಿಗೆ ಶೇ 40 ರಫ್ತು ಸುಂಕ ಹಾಕಿದರು. ರೋಸ್‌ಗೆ ಬಿಡುಗಡೆ ಸಿಕ್ಕಿದ್ದು ಸೆಪ್ಟೆಂಬರ್ 29ಕ್ಕೆ. ಡಿಸೆಂಬರ್‌ನಲ್ಲಿ ಮತ್ತೆ ಪೂರ್ತಿ ನಿಷೇಧ. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆದರು, ಸುಂಕ ಉಳಿಸಿದರು, ತಿಂಗಳ ಕೊನೆಗೆ ರೋಸ್‌ಗೆ ಸುಂಕವನ್ನೂ ಬಿಟ್ಟರು. ಪ್ರತಿ ಸಲವೂ ಕೊನೆಗೆ ಬಿಡುತ್ತಾರೆ. ಬಿಡುವುದೇ ಆದರೆ ಮೊದಲೇ ಬಿಡಬಾರದಾ?

ಈರುಳ್ಳಿ ದುಬಾರಿಯಾದಾಗ ಪಟ್ಟಣದವರ ಕಷ್ಟ ನನಗೂ ಗೊತ್ತು, ನಾನೂ ಕೊಳ್ಳುವವನೇ ಅಲ್ವಾ. ಎಲ್ಲರೂ ತಿನ್ನುವ ನಾಸಿಕ್ ಕಡೆಯ ದಪ್ಪ ಈರುಳ್ಳಿಯನ್ನು ತಡೆದರೆ ಇಲ್ಲಿಯ ಬೆಲೆ ಇಳಿಯಬಹುದು. ನಮ್ಮದನ್ನು ತಡೆದರೆ ಇಳಿಯುವುದು ನಮ್ಮ ಬೆಲೆ ಮಾತ್ರ. ಇಲ್ಲಿ ತಿನ್ನುವವರೇ ಇಲ್ಲದ ಸರಕನ್ನು ಇಲ್ಲೇ ಇಟ್ಟುಕೊಂಡು ಯಾರಿಗೆ ಹಾಕುತ್ತಾರೆ?

ಹಿಂದೆ ಒಮ್ಮೆ ರಫ್ತಿನ ಬಗ್ಗೆ ತರಬೇತಿಗೆ ಹೋಗಿದ್ದೆ. ಯಾವ ಔಷಧಿ ಯಾವತ್ತು ಹೊಡೆದಿರಿ ಎಂದು ಬರೆದಿಡಿ, ಸೈಜು ಬೇರೆ ಮಾಡಿ, ವಿದೇಶಿ ಗ್ರಾಹಕರ ನಂಬಿಕೆ ಉಳಿಸಿಕೊಳ್ಳಿ ಎಂದರು. ಒಳ್ಳೆಯ ಮಾತೇ, ಇಂದಿಗೂ ಪುಸ್ತಕದಲ್ಲಿ ಬರೆಯುತ್ತೇನೆ. ‘ನಡುವೆ ಬಾಗಿಲು ಹಾಕಲ್ಲ ಅಂತ ನೀವೂ ಬರೆದು ಕೊಡ್ತೀರಾ?’ ಎಂದು ಕೇಳಿದೆ. ಎಲ್ಲರೂ ನಕ್ಕರು. ಆಮೇಲೆ ಊಟಕ್ಕೆ ಕರೆದರು.

ಆದರೆ ಅಂಥ ಮಾತು ಕಾಗದದ ಮೇಲೆ ಆಗಲೇ ಇದೆ. 2018ರ ಕೃಷಿ ರಫ್ತು ನೀತಿಯಲ್ಲಿ, ಸಂಸ್ಕರಿಸಿದ ಮತ್ತು ಸಾವಯವ ಪದಾರ್ಥಗಳ ರಫ್ತಿಗೆ ತಡೆ ಹಾಕುವುದಿಲ್ಲ ಎಂದು ಕೇಂದ್ರ ಸರ್ಕಾರವೇ ಭರವಸೆ ಕೊಟ್ಟಿದೆ. ಆ ಸಾಲಿಗೆ ಬೆಂಗಳೂರು ರೋಸ್ ಈರುಳ್ಳಿಯನ್ನೂ ಸೇರಿಸಲಿ. ನಮ್ಮ ಸಂಸದರು, ತೋಟಗಾರಿಕೆ ಸಚಿವರು ಇದನ್ನು ದೆಹಲಿಯಲ್ಲಿ ಕೇಳಲಿ. ಕೇಳುವುದಾದರೆ ಈಗಲೇ ಕೇಳಲಿ. ಈಗ ಸುಂಕವೂ ಇಲ್ಲ, ನಿಷೇಧವೂ ಇಲ್ಲ. ಬೀಗ ಬಿದ್ದ ಮೇಲೆ ಮನವಿ ಹಿಡಿದು ಓಡುವಷ್ಟರಲ್ಲಿ ಗಡ್ಡೆ ಮೊಳೆತಿರುತ್ತದೆ.

ಬಿತ್ತನೆ ಬೀಜ ತಂದಾಗಿದೆ. ಒಂದೂವರೆ ಎಕರೆಗೂ ಹಾಕುವುದೋ, ಅರ್ಧಕ್ಕೆ ಟೊಮೆಟೊ ಹಾಕುವುದೋ ಎಂದು ಮನೆಯಲ್ಲಿ ಇನ್ನೂ ಮಾತು ನಡೆಯುತ್ತಿದೆ.

– ಒಬ್ಬ ಈರುಳ್ಳಿ ಬೆಳೆಗಾರ, ಚಿಕ್ಕಬಳ್ಳಾಪುರ ಜಿಲ್ಲೆ